ಹುಚ್ಚರ ಮಾತಿಗೆ ಕಿವಿಗೊಟ್ಟ ವೈದ್ಯ: ಫಿಲಿಪ್ ಪಿನೆಲ್

ರಾಜರ, ಸೇನಾನಿಗಳ ಚರಿತ್ರೆಗಳನ್ನು ನಾವು ಬಾಲ್ಯದಿಂದಲೂ ಓದುತ್ತ ಬಂದಿದ್ದೇವೆ. ಗದ್ದುಗೆಯೇರದೆ, ಕತ್ತಿ ಹಿಡಿಯದೆ, ಲೋಕವು ಹುಚ್ಚರೆಂದು ದೂರ ತಳ್ಳಿದವರ ನಡುವೆ ಕುಳಿತು ಅವರ ಮಾತಿಗೆ ಕಿವಿಗೊಟ್ಟ ವೈದ್ಯನೊಬ್ಬನ ಬಾಳನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಆಸೆ. ಆತನೇ ಫ್ರಾನ್ಸ್ ದೇಶದ ಫಿಲಿಪ್ ಪಿನೆಲ್. ಮನೋವೈದ್ಯಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಆತನೂ ಒಬ್ಬನು.

ಪಿನೆಲ್ 1745ರ ಏಪ್ರಿಲ್ 20ರಂದು ದಕ್ಷಿಣ ಫ್ರಾನ್ಸಿನಲ್ಲಿ ಹುಟ್ಟಿದನು. ತಂದೆ ಕ್ಷೌರವನ್ನೂ ಶಸ್ತ್ರವೈದ್ಯವನ್ನೂ ನಡೆಸುತ್ತಿದ್ದವನು. ಆ ಕಾಲದಲ್ಲಿ ಅವೆರಡೂ ಒಂದೇ ಕಸುಬಾಗಿದ್ದುವು. ಮೊದಲು ಪಾದ್ರಿಯಾಗಲೆಂದು ಓದುತ್ತಿದ್ದ ಮಗ, ಮನಸ್ಸು ಬದಲಿಸಿ ವೈದ್ಯಕೀಯಕ್ಕೆ ತಿರುಗಿ, 1773ರಲ್ಲಿ ತುಲೂಸ್ ನಗರದಲ್ಲಿ ಪದವೀಧರನಾದನು. 1778ರಲ್ಲಿ ಪ್ಯಾರಿಸ್ಸಿಗೆ ಬಂದರೆ, ಆ ಪದವಿಗೆ ಅಲ್ಲಿ ಮನ್ನಣೆಯೇ ಇರಲಿಲ್ಲ! ಸುಮಾರು ಹದಿನೈದು ವರ್ಷ ಗಣಿತ ಪಾಠ ಹೇಳಿ, ವೈದ್ಯಗ್ರಂಥಗಳನ್ನು ಭಾಷಾಂತರಿಸಿ, ಪತ್ರಿಕೆ ಸಂಪಾದಿಸಿ ಹೊಟ್ಟೆ ಹೊರೆದನು.

ಈ ಬಡತನದ ದಿನಗಳಲ್ಲಿಯೇ ಆತನ ಆಪ್ತಮಿತ್ರನೊಬ್ಬನು ವಿಷಣ್ಣತೆಗೆ ಸಿಕ್ಕಿದನು. ಅದು ಬೆಳೆದು ಉನ್ಮಾದವಾಗಿ, ಕೊನೆಗೆ ಆ ತರುಣನು ಪ್ರಾಣವನ್ನೇ ನೀಗಿಕೊಂಡನು. ಮನೋರೋಗದ ಕಡೆಗೆ ಪಿನೆಲನ ಬುದ್ಧಿಯನ್ನು ತಿರುಗಿಸಿದುದು ಈ ಸಾವು.

1793ರಲ್ಲಿ, ಮಹಾಕ್ರಾಂತಿಯ ಬಿರುಗಾಳಿಯ ನಡುವೆ, ಪ್ಯಾರಿಸ್ಸಿನ ಬಳಿಯ ಬಿಸೆತ್ರ್ ಆಸ್ಪತ್ರೆಗೆ ಆತನು ವೈದ್ಯನಾಗಿ ನೇಮಕಗೊಂಡನು. ಅಲ್ಲಿ ಸುಮಾರು ಇನ್ನೂರು ಮಂದಿ ಮನೋರೋಗಿಗಳಿದ್ದರು. ಕೆಲವರ ಮೈಮೇಲೆ ಸರಪಳಿಗಳಿದ್ದುವು. ರಕ್ತ ಹರಿಸುವುದು, ಭೇದಿ ಮಾಡಿಸುವುದು, ಚರ್ಮದ ಮೇಲೆ ಬೊಕ್ಕೆ ಎಬ್ಬಿಸುವುದು ಇವೇ ಆ ಕಾಲದ ಚಿಕಿತ್ಸೆ. ಪಿನೆಲ್ ಇಂಥವುಗಳಿಗೆ ಬಹುಮಟ್ಟಿಗೆ ಕಡಿವಾಣ ಹಾಕಿದನು. ದಿನಕ್ಕೆ ಹಲವು ಬಾರಿ ರೋಗಿಗಳ ಬಳಿಗೆ ಹೋಗಿ, ಸಾವಧಾನವಾಗಿ ಮಾತನಾಡಿಸಿ, ಕಂಡುದನ್ನು ಬರೆದಿಟ್ಟನು. ರೋಗವು ಯಾವಾಗ ತೊಡಗಿತು, ಅದಕ್ಕೆ ಮುಂಚೆ ಬಾಳಿನಲ್ಲಿ ಏನು ನಡೆದಿತ್ತು, ಅದು ಏರಿಳಿಯುವುದು ಹೇಗೆ ಎಂದು ವಿಚಾರಿಸಿದನು. ಇಂದಿನ ಮನೋವೈದ್ಯ ಪರೀಕ್ಷೆಯ ಬೀಜ ಇಲ್ಲಿದೆಯೆಂದು ನನಗೆ ತೋರುತ್ತದೆ.

ಒಂದು ನಿದರ್ಶನವನ್ನು ಕೊಡುತ್ತೇನೆ. ರಾಜನ ಮರಣದಂಡನೆಯ ವಿಷಯವಾಗಿ ಏನೋ ಆಡಿದ ದರ್ಜಿಯೊಬ್ಬನು, ತನ್ನ ತಲೆಯನ್ನೂ ಕಡಿಯುವರೆಂಬ ಭ್ರಮೆಯಿಂದ ಊಟ ನಿದ್ರೆ ಬಿಟ್ಟಿದ್ದನು. ಪಿನೆಲ್ ಆ ಭಯದ ಮೂಲವನ್ನು ತಿಳಿದು, ವೈದ್ಯರಿಗೆ ನ್ಯಾಯಾಧೀಶರ ವೇಷ ತೊಡಿಸಿ, ಹುಸಿ ವಿಚಾರಣೆ ನಡೆಸಿ, ಅವನನ್ನು ನಿರ್ದೋಷಿಯೆಂದು ಸಾರಿಸಿದನು. ದರ್ಜಿ ಕೆಲಕಾಲ ಚೇತರಿಸಿಕೊಂಡನಾದರೂ ರೋಗ ಮರುಕಳಿಸಿತು. ಪಿನೆಲ್ ಈ ಸೋಲನ್ನೂ ಮುಚ್ಚಿಡದೆ ಬರೆದನು. ನನಗೆ ಆತನಲ್ಲಿ ಹೆಚ್ಚು ಗೌರವ ಹುಟ್ಟಿಸುವುದು ಈ ಪ್ರಾಮಾಣಿಕತೆ.

ಬಿಸೆತ್ರ್‌ನಲ್ಲಿ ಪಿನೆಲನಿಗೆ ಗುರುವಾದವನು ಪದವಿಯಿಲ್ಲದ ಮೇಲ್ವಿಚಾರಕ ಪುಸ್ಸಿನ್. ಚರ್ಮ ಹದಮಾಡುವ ಕಸುಬಿನ ಈತನು ಗಂಡಮಾಲೆಯ ರೋಗಿಯಾಗಿ ಅಲ್ಲಿಗೆ ಸೇರಿ, ಗುಣಹೊಂದಿ, ಅಲ್ಲಿಯೇ ನೌಕರನಾದವನು. ರೋಗಿಗಳನ್ನು ಹೊಡೆಯಕೂಡದೆಂಬುದು ಅವನ ಕಟ್ಟುನಿಟ್ಟಾದ ಆಜ್ಞೆ. ಸರಪಳಿ ಕಳಚಿಸುವ ವೀರನಾಗಿ ಚಿತ್ರಗಳಲ್ಲಿ ನಾವು ಕಾಣುವುದು ಪಿನೆಲನನ್ನು. ಆದರೆ 1797ರಲ್ಲಿ ಬಿಸೆತ್ರ್‌ನ ಸರಪಳಿಗಳನ್ನು ತೆಗೆಸಿದವನು ಪುಸ್ಸಿನ್. ಅಷ್ಟರಲ್ಲಿ, ಅಂದರೆ 1795ರಲ್ಲಿ, ಪಿನೆಲ್ ಸ್ತ್ರೀಯರ ಆಸ್ಪತ್ರೆಯಾದ ಸಾಲ್‌ಪೆಟ್ರಿಯೇರ್‌ಗೆ ಹೋಗಿದ್ದನು. ಕೆಲವು ವರ್ಷಗಳ ಮೇಲೆ ಅಲ್ಲಿಯೂ ಸರಪಳಿಗಳು ಹೋದುವು. ಪಿನೆಲ್ ಪುಸ್ಸಿನ್ನನನ್ನು ಅಲ್ಲಿಗೆ ಕರೆಸಿಕೊಂಡನು. ಅವನ ಋಣವನ್ನು ಗ್ರಂಥದಲ್ಲಿ ನೆನೆದನು. ಉದ್ರಿಕ್ತರಾದವರಿಗೆ ಕೈಕಟ್ಟುವ ಅಂಗಿ ತೊಡಿಸುವುದು ಮಾತ್ರ ಮುಂದುವರಿಯಿತೆಂಬುದನ್ನೂ ಹೇಳಬೇಕು.

1801ರಲ್ಲಿ ಪ್ರಕಟವಾದ ಆತನ ಪ್ರಸಿದ್ಧ ಗ್ರಂಥದಲ್ಲಿ ಚಿತ್ತರೋಗಗಳು ವಿಷಣ್ಣತೆ, ಉನ್ಮಾದ, ಬುದ್ಧಿಕ್ಷಯ, ಜಡಮತಿ ಎಂಬ ನಾಲ್ಕು ಬಗೆಯಾಗಿ ನಿಂತಿವೆ. ಇಂದಿನ ವಿಂಗಡಣೆ ಬೇರೆ. ಖಿನ್ನತೆ, ಆತಂಕರೋಗ, ಖಿನ್ನತೆ ಉನ್ಮಾದಗಳೆರಡೂ ಕಾಣುವ ದ್ವಿಧ್ರುವ ರೋಗ, ಸ್ಕಿಜೊಫ್ರೀನಿಯಾ, ವೃದ್ಧಾಪ್ಯದ ಮರೆಗುಳಿತನ ಇವನ್ನೆಲ್ಲ ಪ್ರತ್ಯೇಕವಾಗಿ ಗುರುತಿಸುತ್ತಾರೆ. ವೈದ್ಯರು ರೋಗಿಯ ಪೂರ್ವವೃತ್ತಾಂತವನ್ನು ಕೇಳುತ್ತಾರೆ. ವೇಷ, ನಡೆ, ಮಾತಿನ ಓಟ, ಮನೋಭಾವ, ಯೋಚನೆ, ಭ್ರಮೆ, ಜ್ಞಾಪಕಶಕ್ತಿ, ತನಗೆ ರೋಗವಿದೆಯೆಂಬ ಅರಿವು ಇವನ್ನು ಕ್ರಮವಾಗಿ ಪರೀಕ್ಷಿಸುತ್ತಾರೆ. ದೇಹದ ಕಾಯಿಲೆ ಕಾರಣವಲ್ಲವೆಂದು ನೋಡುತ್ತಾರೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುತ್ತಾರೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದೆಂಬುದು ತಪ್ಪು ನಂಬಿಕೆ. ಪಿನೆಲನ ಮಿತ್ರನಂಥವರು ಉಳಿಯುವುದಕ್ಕೆ ಆ ಒಂದು ಪ್ರಶ್ನೆಯೇ ದಾರಿಯಾಗಬಹುದು.

1826ರ ಅಕ್ಟೋಬರ್ 25ರಂದು ಪಿನೆಲ್ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಆತನ ಶಿಷ್ಯ ಎಸ್ಕಿರೋಲ್ ಗುರುವಿನ ಕೆಲಸವನ್ನು ಮುಂದುವರಿಸಿದನು. ಆದರೆ ಸರಪಳಿ ಲೋಕದಿಂದ ಅಷ್ಟಕ್ಕೆ ಮರೆಯಾಗಲಿಲ್ಲ. 2001ರ ಆಗಸ್ಟ್ 6ರಂದು ನೆರೆಯ ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾರದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಿಗಿಯಕೂಡದೆಂದು ವಿಧಿಸಿದೆ.

ಕಾಯಿದೆ ಕಬ್ಬಿಣವನ್ನು ತೆಗೆಯಬಲ್ಲದು; ಹಾಸ್ಯ, ನಾಚಿಕೆ, ತಾತ್ಸಾರಗಳನ್ನು ತೆಗೆಯಬೇಕಾದವರು ನಾವು. ನಗುನಗುತ್ತಿದ್ದ ಗೆಳೆಯನೊಬ್ಬನು ವಾರಗಟ್ಟಲೆ ಮಂಕಾಗಿ, ಊಟ ನಿದ್ರೆ ಓದು ಬಿಟ್ಟು ಕುಳಿತರೆ, ಅವನ ಪಕ್ಕದಲ್ಲಿ ಕುಳಿತು ಮಾತಿಗೆ ಕಿವಿಗೊಡೋಣ. ವೈದ್ಯರ ಬಳಿಗೆ ಜೊತೆಯಾಗಿ ಹೋಗೋಣ. ಅಷ್ಟನ್ನು ಮಾಡಲು ಯಾವ ಪದವಿಯೂ ಬೇಡವೆಂಬುದಕ್ಕೆ ಪುಸ್ಸಿನ್ನನೇ ಸಾಕ್ಷಿ.