ಭಂಡಾರಿ ಬಸವಣ್ಣನವರ ಅಧಿಕಾರಶುದ್ಧಿ

ಶ್ರೀ ಬಸವೇಶ್ವರರನ್ನು ಭಕ್ತಿಭಂಡಾರಿಗಳೆಂದು ನಾವು ನಿತ್ಯವೂ ಸ್ಮರಿಸುತ್ತೇವೆ. ಆದರೆ ಅವರು ಅರಸನ ಅರ್ಥಭಂಡಾರವನ್ನೂ ಕಾಯ್ದ ಅಧಿಕಾರಿಗಳಾಗಿದ್ದರೆಂಬುದನ್ನು ಒಮ್ಮೊಮ್ಮೆ ಮರೆಯುತ್ತೇವೆ. ಅವರ ಚರಿತ್ರೆಯ ಈ ಮುಖವು ಅಧಿಕಾರದಲ್ಲಿರುವವರೆಲ್ಲರೂ ಮನನ ಮಾಡತಕ್ಕುದಾಗಿದೆ.

12ನೆಯ ಶತಮಾನದಲ್ಲಿ ಬಾಗೇವಾಡಿಯ ಮಾದರಸ, ಮಾದಲಾಂಬೆಯರಲ್ಲಿ ಅವರು ಜನಿಸಿದರು. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಿಲಾಶಾಸನವು ಅವರ ಮನೆತನವನ್ನು ಹೆಸರಿಸುತ್ತಿರುವುದು ನಮ್ಮ ಚಿಕ್ಕೋಡಿ ಸೀಮೆಯ ನೆರೆಹೊರೆಗೆ ಸಂದ ಭಾಗ್ಯವೇ ಸರಿ. ವೈದಿಕ ಕರ್ಮಬಂಧನವನ್ನು ತೊರೆದ ಬಾಲಕನು ಕೂಡಲಸಂಗಮಕ್ಕೆ ನಡೆದನು. ರಾಯಬಾಗ, ಅಥಣಿ, ಕಾಗವಾಡಗಳ ಹೊಲಗಳಿಗೆ ನೀರುಣಿಸುವ ಕೃಷ್ಣೆಯೇ ಮುಂದೆ ಹರಿದು ಮಲಪ್ರಭೆಯನ್ನು ಕೂಡಿಕೊಳ್ಳುವ ಪುಣ್ಯಸ್ಥಳವದು. ಅಲ್ಲಿ ಅವರಿಗೆ ಗುರುಸೇವೆಯೂ ಶಾಸ್ತ್ರಾಧ್ಯಯನವೂ ಲಭಿಸಿದವು.

ಅನಂತರ ಅವರು ಅಥಣಿಯ ಉತ್ತರಕ್ಕಿರುವ, ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆಗೆ ಬಂದರು. ಅದು ಕಲಚುರಿ ಬಿಜ್ಜಳನ ನೆಲೆವೀಡು. ಅಲ್ಲಿಯ ಕರಣಿಕರ ಲೆಕ್ಕದಲ್ಲಿ ಇದ್ದ ತಪ್ಪನ್ನು ಬಸವಣ್ಣನವರು ಕಂಡುಹಿಡಿದು ತಿದ್ದಿದುದರಿಂದಲೇ ಅವರಿಗೆ ರಾಜಸೇವೆಯ ಬಾಗಿಲು ತೆರೆಯಿತೆಂದು ಹರಿಹರ ಕವಿಯ ರಗಳೆಯಿಂದ ತಿಳಿದುಬರುತ್ತದೆ. ಅವರನ್ನು ಆಸ್ಥಾನಕ್ಕೆ ಒಯ್ದುದು ಕುಲವಲ್ಲ, ಶಿಫಾರಸಲ್ಲ, ಲೆಕ್ಕದ ನಿಖರತೆ. ಕರಣಿಕರಾಗಿ ಮೊದಲಾದ ಆ ಸೇವೆಯು ಕ್ರಮೇಣ ಭಂಡಾರಿಯ ಪದವಿಯವರೆಗೆ ಏರಿತು. 1162ರ ಸುಮಾರಿಗೆ ಬಿಜ್ಜಳನು ಕಲ್ಯಾಣದಲ್ಲಿ ಸ್ವತಂತ್ರ ಪ್ರಭುವಾಗಿ ಮೆರೆಯತೊಡಗಿದಾಗ ಬಸವಣ್ಣನವರ ಹೊಣೆಯೂ ಹಿರಿದಾಯಿತು.

ಅಧಿಕಾರವು ಹಿರಿದಾದಂತೆ ಅಸೂಯೆಯೂ ಹಿರಿದಾಗುವುದು ಲೋಕಸಹಜ. ಬಸವಣ್ಣನವರ ಮನೆಯಲ್ಲಿ ನಿತ್ಯವೂ ಜಂಗಮ ದಾಸೋಹ. ಎಲ್ಲಿಂದಲೋ ಬಂದ ಶರಣರಿಗೆಲ್ಲ ಅನ್ನ, ಆಶ್ರಯ. ಇಷ್ಟಕ್ಕೆ ಹಣವೆಲ್ಲಿಯದು? ಅರಸನ ಬೊಕ್ಕಸವೇ ಬರಿದಾಗುತ್ತಿದೆಯೆಂದು ಕೊಂಡೆಯರು ಬಿಜ್ಜಳನ ಕಿವಿಯೂದಿದರು. ಅರಸನು ಲೆಕ್ಕ ಕೇಳಿದನು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಆಲೋಚಿಸಬೇಕು. ಬಸವಣ್ಣನವರು ಅರಸನಿಗೆ ಅತ್ಯಂತ ಬೇಕಾದವರು, ಜನಮನ್ನಣೆಯುಳ್ಳವರು. ತಮ್ಮಂಥ ಭಕ್ತನನ್ನು ಸಂಶಯಿಸುವುದೇ ಪಾಪವೆಂದು ಅವರು ಮುನಿಯಬಹುದಾಗಿತ್ತು. ದಾಸೋಹದ ಪುಣ್ಯವನ್ನು ಮುಂದೊಡ್ಡಿ ಪ್ರಶ್ನೆಯನ್ನು ತಪ್ಪಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಭಂಡಾರವನ್ನು ತೆರೆಯಿಸಿ ಎಣಿಸಿಕೊಳ್ಳಲು ಒಪ್ಪಿದರು. ಎಣಿಸಿದಾಗ ಹೊನ್ನು ಎಳ್ಳಷ್ಟೂ ಕುಂದಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಇದನ್ನು ಶಿವಲೀಲೆಯೆಂದು ಬಣ್ಣಿಸುವವರುಂಟು. ಕಾಯಕನಿಷ್ಠೆಯ ಸಹಜ ಫಲವೆಂದು ಗ್ರಹಿಸುವವರೂ ಉಂಟು. ಹೇಗೆ ಗ್ರಹಿಸಿದರೂ ಎಣಿಕೆಗೆ ಒಪ್ಪಿದ ಆ ನಿಷ್ಕಪಟ ಮನಸ್ಸೇ ಇಲ್ಲಿಯ ಸಾರ. ಭಕ್ತಿಯು ಲೆಕ್ಕಕ್ಕೆ ಬದಲಾಗಲಾರದು. ಶುದ್ಧವಾದ ಲೆಕ್ಕವೂ ಭಕ್ತಿಯ ಒಂದು ಅಂಗವೇ.

ಅಧಿಕಾರಕ್ಕೆ ಇನ್ನೊಂದು ಪರೀಕ್ಷೆಯೂ ಒದಗಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಲಗ್ನವಾದಾಗ ವರ್ಣಾಭಿಮಾನಿಗಳು ಕೆರಳಿದರು. ಬಿಜ್ಜಳನು ಆ ಇಬ್ಬರು ಶರಣರಿಗೆ ಘೋರ ಶಿಕ್ಷೆ ವಿಧಿಸಿದನು. ಪದವಿಯೋ ತತ್ತ್ವವೋ ಎಂಬ ಸಂದರ್ಭದಲ್ಲಿ ಬಸವಣ್ಣನವರು ಪದವಿಗೆ ಅಂಟಿಕೊಳ್ಳಲಿಲ್ಲ. ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಮರಳಿ, ಅಲ್ಲಿಯೇ ಲಿಂಗೈಕ್ಯರಾದರು. ಬೊಕ್ಕಸದ ಬೀಗದ ಕೈ ಹಿಡಿದ ಕೈಗಳು ಬರಿಗೈಗಳಾಗಿಯೇ ಹಿಂದಿರುಗಿದವು.

ಇಂದು ಬಿಜ್ಜಳನಿಲ್ಲ, ಪ್ರಜೆಯೇ ಪ್ರಭು. ಭ್ರಷ್ಟಾಚಾರವನ್ನು ವಿಚಾರಿಸಲು 1984ರ ಕರ್ನಾಟಕ ಲೋಕಾಯುಕ್ತ ಅಧಿನಿಯಮವಿದೆ. ಕಡತವನ್ನು ಕೇಳಿ ನೋಡಲು 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಯಾವುದೇ ಕಚೇರಿಯಲ್ಲಿ ಒಬ್ಬ ಬಡ ರೈತನು ತನ್ನ ಉತಾರೆಗಾಗಿ, ವಿಧವೆಯೊಬ್ಬಳು ತನ್ನ ಮಾಸಾಶನಕ್ಕಾಗಿ ಬಂದು ನಿಂತಾಗ ಲೆಕ್ಕ ಕೇಳುವ ಅರಸನು ಆ ರೂಪದಲ್ಲಿಯೇ ಬಂದಿರುತ್ತಾನೆ. ಕಾಯದೆಯು ಹೊರಗಿನಿಂದ ಕೈಯನ್ನು ತಡೆಯಬಲ್ಲುದು. ಒಳಗಿನ ಆಸೆಯನ್ನು ತಡೆಯುವುದು ಆಚಾರವೊಂದೇ. ಕೇಳಿದವರ ಮೇಲೆ ಮುನಿಯದೆ ಪೆಟ್ಟಿಗೆಯನ್ನು ತೆರೆದು ತೋರುವ ಅಧಿಕಾರಿಯೇ ಭಂಡಾರಿ ಬಸವಣ್ಣನವರ ನಿಜವಾದ ವಾರಸುದಾರ. ಅಂಥವರ ಸಂತತಿ ನಾಡಿನಲ್ಲಿ ಬೆಳೆಯಲಿ.