ಬಟಾಣಿ ತೋಟದ ಗುರುಗಳು

ಮಗು ಹುಟ್ಟಿದ ಮನೆಗೆ ಬಂದವರು ಅದರ ಮೂಗು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಅಪ್ಪನಂತೆಯೂ ಇಲ್ಲ, ಅಮ್ಮನಂತೆಯೂ ಇಲ್ಲ, ತೀರಿಹೋದ ಅಜ್ಜಿಯ ಹಾಗಿದೆ ಎನ್ನುತ್ತಾರೆ. ನಡುವಿನ ತಲೆಮಾರಿನಲ್ಲಿ ಆ ಗುಣ ಎಲ್ಲಿ ಅಡಗಿತ್ತು? ಈ ಒಗಟನ್ನು ಬಿಡಿಸುವ ದಾರಿ ತೋರಿದವರು ಒಬ್ಬ ಕಥೋಲಿಕ ಗುರು, ಗ್ರೆಗೋರ್ ಮೆಂಡೆಲ್.

ಅವರು 1822ರ ಜುಲೈಯಲ್ಲಿ, ಇಂದಿನ ಚೆಕ್ ದೇಶದ ಒಂದು ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದರು. ಜ್ಞಾನಸ್ನಾನದ ಹೆಸರು ಯೊಹಾನ್. ತಂದೆ ಮರದ ದಿಮ್ಮಿ ತಗುಲಿ ಗಾಯಗೊಂಡು ಬೇಸಾಯಕ್ಕೆ ಅಶಕ್ತರಾದರು. ಮಗನ ಓದು ನಿಲ್ಲುವ ಹಾಗಾದಾಗ ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಪಾಲನ್ನೇ ಅಣ್ಣನಿಗೆ ಬಿಟ್ಟುಕೊಟ್ಟಳು. ಈ ಹುಡುಗಿಯ ಹೆಸರು ಶಾಲೆಯ ಪುಸ್ತಕಗಳಲ್ಲಿ ಇಲ್ಲದಿರುವುದು ಅನ್ಯಾಯವೇ ಸರಿ.

1843ರಲ್ಲಿ ಬರ್ನೊ ನಗರದ ಸಂತ ತೋಮಸರ ಮಠದಲ್ಲಿ ಅಗಸ್ಟೀನ್ ಸಭೆಗೆ ಸೇರಿದರು, 1847ರಲ್ಲಿ ಗುರುಗಳಾದರು. ರೋಗಿಗಳ ನರಳಾಟ ನೋಡಿದರೆ ಅವರೇ ಹಾಸಿಗೆ ಹಿಡಿಯುತ್ತಿದ್ದರಂತೆ. ಮಠಾಧಿಪತಿಗಳು ಬೈಯಲಿಲ್ಲ, ಶಾಲೆಯಲ್ಲಿ ಪಾಠ ಹೇಳಲು ಕಳುಹಿಸಿದರು. ಶಿಕ್ಷಕರ ಅರ್ಹತಾ ಪರೀಕ್ಷೆ 1850ರಲ್ಲಿ ಕೈಕೊಟ್ಟಿತು, ವಿಯೆನ್ನಾದಲ್ಲಿ ಓದಿ ಬಂದ ಮೇಲೆ 1856ರಲ್ಲೂ ದಾಟಲಿಲ್ಲ. ಅದೇ ವರ್ಷ ಮಠದ ತೋಟದಲ್ಲಿ ಬಟಾಣಿ ಪ್ರಯೋಗ ಆರಂಭವಾಯಿತು.

ಹೂವಿನ ಕೇಸರ ಬಲಿಯುವ ಮೊದಲೇ ಕಿತ್ತು, ಬೇರೆ ಗಿಡದ ಪರಾಗವನ್ನು ಕೈಯಾರೆ ಸವರುವ ತಾಳ್ಮೆಯ ಕೆಲಸವದು. ಹಳದಿ ಕಾಳಿನ ಗಿಡವನ್ನು ಹಸಿರು ಕಾಳಿನದರೊಂದಿಗೆ ಕೂಡಿಸಿದಾಗ ಬಂದದ್ದೆಲ್ಲ ಹಳದಿಯೇ. ಆ ಹಳದಿ ಕಾಳುಗಳನ್ನೇ ಬಿತ್ತಿದಾಗ ಮಾತ್ರ 6,022 ಹಳದಿ ಮತ್ತು 2,001 ಹಸಿರು ಕಾಳು ಸಿಕ್ಕವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಹಸಿರು ಅಳಿದಿರಲಿಲ್ಲ, ಅಡಗಿತ್ತು. ಪ್ರತಿ ಗುಣಕ್ಕೂ ಎರಡು ಅಂಶಗಳು, ತಂದೆಯಿಂದ ಒಂದು, ತಾಯಿಯಿಂದ ಒಂದು. ಹಸಿರು ಕಾಣಬೇಕಾದರೆ ಎರಡೂ ಹಸಿರಿನದೇ ಆಗಿರಬೇಕು. ಆ ಅಂಶವನ್ನು ನಾವು ಇಂದು ಜೀನ್ ಎನ್ನುತ್ತೇವೆ. ಅದು ಜೀವಕೋಶದೊಳಗಿನ ವರ್ಣತಂತುವಿನಲ್ಲಿರುತ್ತದೆ. ಮೂಗು, ಮೈಬಣ್ಣಗಳಲ್ಲಿ ಹಲವು ಜೀನುಗಳು ಸೇರುವುದರಿಂದ ಲೆಕ್ಕ ಇಷ್ಟು ಸರಳವಲ್ಲ. ಆದರೆ ಥಲಸೇಮಿಯಾದಂಥ ರಕ್ತದ ಕಾಯಿಲೆ ಹೆಚ್ಚಾಗಿ ಬಟಾಣಿಯ ಲೆಕ್ಕದಲ್ಲೇ ನಡೆಯುತ್ತದೆ. ಆರೋಗ್ಯವಾಗಿ ಕಾಣುವ ಗಂಡ ಹೆಂಡತಿ ಇಬ್ಬರಲ್ಲೂ ಅದರ ಒಂದೊಂದು ಅಂಶ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೊಸೆಯ ಕಾಲ್ಗುಣ ಎನ್ನುವ ಅತ್ತೆಯಂದಿರು ಇದನ್ನು ತಿಳಿಯಬೇಕು: ಪಾಲು ಮಗನದೂ ಅಷ್ಟೇ ಇದೆ.

1865ರಲ್ಲಿ ಮೆಂಡೆಲರು ಇದನ್ನು ಬರ್ನೊದ ವಿಜ್ಞಾನ ಸಭೆಯಲ್ಲಿ ಓದಿದರು, ಮರುವರ್ಷ ಅಚ್ಚಾಯಿತು. ಪಂಡಿತರು ಅದರ ಬೆಲೆ ಅರಿಯಲಿಲ್ಲ. 1868ರಲ್ಲಿ ಅವರೇ ಮಠಾಧಿಪತಿಯಾದರು. ಮಠದ ತೆರಿಗೆಯ ವ್ಯಾಜ್ಯ ಅವರ ಕಡೆಯ ವರ್ಷಗಳನ್ನು ನುಂಗಿತು. ತಂಗಿಯ ಋಣ ಮಾತ್ರ ಮರೆಯಲಿಲ್ಲ. ಅವಳ ಗಂಡುಮಕ್ಕಳ ಓದಿಗೆ ನೆರವಾದರು, ಅವರಲ್ಲಿ ಇಬ್ಬರು ವೈದ್ಯರಾದರು.

1884ರ ಜನವರಿ 6, ಮೂರು ರಾಯರ ಹಬ್ಬದಂದು ಅವರು ತೀರಿಕೊಂಡರು. ಊರು ಅತ್ತದ್ದು ಮಠಾಧಿಪತಿಗಾಗಿ, ವಿಜ್ಞಾನಿಗಾಗಿ ಅಲ್ಲ. 1900ರಲ್ಲಿ ಬೇರೆ ಬೇರೆ ದೇಶಗಳ ಮೂವರು ಸಸ್ಯಶಾಸ್ತ್ರಜ್ಞರು ತಾವು ಕಂಡ ಲೆಕ್ಕವನ್ನು ಹಳೆಯ ಪುಸ್ತಕಗಳಲ್ಲಿ ಹುಡುಕಿದಾಗ, ಅದು ಆ ಗುರುಗಳ ಹೆಸರಿನಲ್ಲಿ ಮೂವತ್ತನಾಲ್ಕು ವರ್ಷ ಮೊದಲೇ ಅಚ್ಚಾಗಿತ್ತು.