ಎರವಲು ಗೇರ್‌ಬಾಕ್ಸಿನ ಸರದಾರ ಕಾಲಿನ್ ಚಾಪ್ಮನ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಓಡಾಡುವ ಕೆಲವು ಹಳೆ ಜೀಪುಗಳ ಬಾನೆಟ್ ತೆರೆದರೆ ಒಳಗೆ ಎರಡು ಮೂರು ಗಾಡಿಗಳ ಸಂಸಾರವೇ ಕಾಣುತ್ತದೆ. ಎಂಜಿನ್ ಒಂದರದ್ದು, ಗೇರ್‌ಬಾಕ್ಸ್ ಇನ್ನೊಂದರದ್ದು. ಮೂಲ ಬಿಡಿಭಾಗ ಸಿಗದಾಗ ಮೆಕ್ಯಾನಿಕ್‌ಗಳು ಕಂಡುಕೊಂಡ ದಾರಿ ಇದು. ಜುಗಾಡ್ ಎಂದು ನಗುವವರು ಬ್ರಿಟನ್ನಿನ ಲೋಟಸ್ ಕಾರು ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ ಬದುಕನ್ನೊಮ್ಮೆ ಓದಬೇಕು.

ಚಾಪ್ಮನ್ ಹುಟ್ಟಿದ್ದು 1928ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದುತ್ತಲೇ ಹಳೆ ಕಾರುಗಳನ್ನು ಕೊಂಡು ಮಾರುತ್ತಿದ್ದ. 1947ರಲ್ಲಿ ಸರ್ಕಾರ ಪೆಟ್ರೋಲ್ ಪಡಿತರ ನಿಲ್ಲಿಸಿದಾಗ ವ್ಯಾಪಾರ ಕುಸಿಯಿತು. ಕೊನೆಗೆ ಮಾರಾಟವಾಗದೆ ಉಳಿದದ್ದು ಒಂದು ಹಳೆ ಆಸ್ಟಿನ್ ಸೆವೆನ್. ಅತ್ತ ಗಣಿತದ ಅಂತಿಮ ಪರೀಕ್ಷೆಯೂ ಕೈಕೊಟ್ಟಿತು; ಮತ್ತೆ ಬರೆದು ಒಂದು ವರ್ಷ ತಡವಾಗಿ ಪದವಿ ಪಡೆದ. ಬ್ಯಾಕ್‌ಲಾಗ್ ಇದೆ ಎಂದು ಕುಗ್ಗುವ ನನ್ನಂಥವರು ಇದನ್ನು ಗಮನಿಸಬೇಕು. ಉಳಿದ ಆ ಆಸ್ಟಿನ್ನನ್ನೇ ಬಿಚ್ಚಿ, ಪ್ಲೈವುಡ್ ಮತ್ತು ಲೋಹದ ಹಾಳೆಯ ಹೊಸ ಬಾಡಿ ಕಟ್ಟಿದ. ಅದೇ ಮೊದಲ ಲೋಟಸ್.

1952ರಲ್ಲಿ, ಮುಂದೆ ಮಡದಿಯಾದ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಕಂಪನಿ ಶುರುವಾಯಿತು. ಸ್ವಂತ ಎಂಜಿನ್, ಗೇರ್‌ಬಾಕ್ಸ್ ತಯಾರಿಸುವ ಹಣ ಎಲ್ಲಿತ್ತು? ಹಾಗಾಗಿ ಬೇರೆಯವರ ಕಾರುಗಳತ್ತ ನೋಡಿದ. ಲೋಟಸ್ ಸೆವೆನ್‌ಗೆ ಫೋರ್ಡ್ ಎಂಜಿನ್ ಬಂತು. ಎಲೀಟ್ ಕಾರಿಗೆ ಹಾಕಿದ ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್ನಿನ ಮೂಲ, ಬೆಂಕಿ ನಂದಿಸುವ ಪಂಪು! 1962ರ ಎಲಾನ್‌ಗೆ ಫೋರ್ಡ್ ಎಂಜಿನ್ ಬ್ಲಾಕ್ ಮತ್ತು ಗೇರ್‌ಬಾಕ್ಸ್ ತೆಗೆದುಕೊಂಡು, ಮೇಲಿನ ಟ್ವಿನ್ ಕ್ಯಾಮ್ ಹೆಡ್ಡನ್ನು ಮಾತ್ರ ತಮ್ಮದಾಗಿಸಿಕೊಂಡರು.

ನನಗೆ ಹೆಚ್ಚು ಇಷ್ಟವಾದದ್ದು 1966ರ ಯುರೋಪಾ ಕಾರಿನ ಕಥೆ. ಇದಕ್ಕೆ ಆರಿಸಿದ್ದು ರೆನೋ 16 ಎಂಬ ಫ್ರೆಂಚ್ ಫ್ಯಾಮಿಲಿ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್. ಅದು ಮುಂದಿನ ಚಕ್ರ ತಿರುಗಿಸುವ ಕಾರು. ಚಾಪ್ಮನ್‌ಗೆ ಎಂಜಿನ್ ಬೇಕಿದ್ದದ್ದು ಚಾಲಕನ ಬೆನ್ನ ಹಿಂದೆ. ಇಡೀ ಜೋಡಣೆಯನ್ನು 180 ಡಿಗ್ರಿ ತಿರುಗಿಸಿ ಕೂರಿಸಿದರೆ ಚಕ್ರಗಳು ಉಲ್ಟಾ ತಿರುಗುತ್ತವೆ. ಅಂದರೆ ನಾಲ್ಕು ರಿವರ್ಸ್ ಗೇರ್, ಮುಂದಕ್ಕೆ ಒಂದೇ! ಪರಿಹಾರ ಸರಳವಾಗಿತ್ತು. ಡಿಫರೆನ್ಷಿಯಲ್‌ನ ಕ್ರೌನ್ ವೀಲನ್ನು ಪಿನಿಯನ್ನಿನ ಇನ್ನೊಂದು ಬದಿಗೆ ಇಟ್ಟರು. ಕಾರು ಮುಂದಕ್ಕೆ ಓಡಿತು.

ಎರವಲಿಗೆ ಅಪಾಯವೂ ಇದೆ. 1976ರಲ್ಲಿ ಮಾರುಕಟ್ಟೆಗೆ ಬಂದ ಎಸ್ಪ್ರಿಗೆ ಸಿಟ್ರೋಯೆನ್ ಗೇರ್‌ಬಾಕ್ಸ್ ಹಾಕಿದ್ದರು. ಮುಂದೆ ಅದು ಸಿಗದಂತಾದಾಗ, 1987ರಲ್ಲಿ ಕಂಪನಿ ರೆನೋ ಗೇರ್‌ಬಾಕ್ಸ್‌ಗೆ ಬದಲಾಗಬೇಕಾಯಿತು. ನಮ್ಮ ಜೀಪ್ ಮೆಕ್ಯಾನಿಕ್‌ಗಳ ತಲೆನೋವು ಅವರಿಗೂ ತಪ್ಪಲಿಲ್ಲ.

ಚಾಪ್ಮನ್ ಇದ್ದಾಗಲೇ ಲೋಟಸ್ ಏಳು ಬಾರಿ ಫಾರ್ಮುಲಾ ಒನ್ ತಯಾರಕರ ಪಟ್ಟ ಗೆದ್ದಿತು. ಆದರೆ ತೂಕ ಇಳಿಸುವ ಹಟಕ್ಕೆ ಬೆಲೆಯನ್ನೂ ತೆರಬೇಕಾಯಿತು. 1970ರಲ್ಲಿ ಇಟಲಿಯ ಮೊಂಜಾದಲ್ಲಿ ಯೋಹೆನ್ ರಿಂಟ್ ಓಡಿಸುತ್ತಿದ್ದ ಲೋಟಸ್‌ನ ಮುಂದಿನ ಬ್ರೇಕ್ ಶಾಫ್ಟ್ ಮುರಿದು ಕಾರು ತಡೆಗೋಡೆಗೆ ಅಪ್ಪಳಿಸಿತು, ರಿಂಟ್ ಬದುಕಲಿಲ್ಲ. ಆ ವರ್ಷದ ಚಾಂಪಿಯನ್ ಪಟ್ಟ ಮರಣೋತ್ತರವಾಗಿ ಅವರಿಗೇ ಸಂದಿತು. ಮುರಿದದ್ದು ಬೇರೆ ಗಾಡಿಯಿಂದ ತಂದ ಭಾಗವಲ್ಲ, ರೇಸ್‌ಗೆಂದೇ ವಿನ್ಯಾಸ ಮಾಡಿದ ಶಾಫ್ಟ್ ಎಂಬುದನ್ನು ಮರೆಯಬಾರದು.

1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ, ಚಾಪ್ಮನ್ ಹೃದಯಾಘಾತದಿಂದ ತೀರಿಕೊಂಡ. ಡೆಲೋರಿಯನ್ ಕಾರು ಯೋಜನೆಯ ಹಣಕಾಸು ಹಗರಣದ ನೆರಳು ಆಗ ಆತನ ಮೇಲಿತ್ತು. ದೇವರಂತೆ ಪೂಜಿಸಬೇಕಾದ ವ್ಯಕ್ತಿಯೇನಲ್ಲ.

ಆದರೂ ಕಲಿಯಲು ಬಹಳ ಇದೆ. ಭಾಗ ಯಾವ ಕಂಪನಿಯದ್ದು ಎನ್ನುವುದಕ್ಕಿಂತ ಅದು ಎಷ್ಟು ಟಾರ್ಕ್ ತಡೆಯುತ್ತದೆ, ಸ್ಪ್ಲೈನ್ ಹಲ್ಲುಗಳು ಕೂಡುತ್ತವೆಯೇ, ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದು ಮುಖ್ಯ. ಬೋಲ್ಟ್ ಕೂತ ಮಾತ್ರಕ್ಕೆ ಕೆಲಸ ಮುಗಿಯದು. ಆಗುಂಬೆ, ಹುಲಿಕಲ್ ಘಾಟಿಗಳ ತಿರುವಿನಲ್ಲಿ ಶಾಫ್ಟ್ ತುಂಡಾದರೆ ಜೀಪಿನೊಳಗಿನ ಜೀವಗಳಿಗೆ ಬದಲಿ ಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮೂರ ಗ್ಯಾರೇಜುಗಳಲ್ಲಿ ಕೈಚಳಕ ಧಾರಾಳವಾಗಿದೆ. ಅದಕ್ಕೆ ಲೆಕ್ಕದ ಬಲ ಸೇರಿಸುವ ಕೆಲಸ ಎಂಜಿನಿಯರಿಂಗ್ ಓದುತ್ತಿರುವ ನಮ್ಮದು. ಕೆಲಸ ಎಲ್ಲಿದೆ ಎಂದು ಹುಡುಕುವವರಿಗೆ ಇದೂ ಒಂದು ಉತ್ತರವಾಗಬಹುದು.